ರಿಪೋರ್ಟ್ ನಾರ್ಮಲ್ ಬಂದರೆ ಮುಗಿಯಿತೇ?

ತಂಗಿಗೆ ಒಂಬತ್ತು ವರ್ಷವಿದ್ದಾಗ ಕುತ್ತಿಗೆಯ ಮುಂಭಾಗ ಸ್ವಲ್ಪ ಊದಿಕೊಂಡಿತ್ತು. ಹೆಬ್ಬೆಯಿಂದ ತರೀಕೆರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆವು. ಹಾಶಿಮೊಟೊ ಕಾಯಿಲೆ ಎಂದರು. ಆದರೆ ಟಿಎಸ್‌ಎಚ್ ನಾರ್ಮಲ್ ಇತ್ತು. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ನಾವು ಮಾತ್ರ 'ನಾರ್ಮಲ್' ಎಂಬುದನ್ನಷ್ಟೇ ಓದಿಕೊಂಡು ಎರಡು ವರ್ಷ ಅತ್ತ ತಲೆ ಹಾಕಲಿಲ್ಲ. ಅಷ್ಟರಲ್ಲಿ ಅವಳು ಎತ್ತರ ಬೆಳೆಯುವುದು ನಿಧಾನವಾಯಿತು, ಸದಾ ಚಳಿ, ಸುಸ್ತು. ಸೋಮಾರಿ ಎಂದು ನಾನೇ ಎಷ್ಟೋ ಸಲ ಬೈದಿದ್ದೇನೆ.

ಉಪ್ಪು ಸರಿಯಿಲ್ಲದೆ ಹೀಗಾಯಿತು ಎಂದು ದಾದಿ ಹೇಳುತ್ತಿದ್ದರು. ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದು ನಿಜ. ಅದಕ್ಕಾಗಿಯೇ 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಆದರೆ 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ವಿವರಿಸಿದ ಈ ಕಾಯಿಲೆ ಬೇರೆ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಹುಡುಗಿಯರಲ್ಲಿ ಹೆಚ್ಚು. ಕೆಲವು ಮಕ್ಕಳ ಗ್ರಂಥಿ ವರ್ಷಗಟ್ಟಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕೆಲವರದು ನಿಧಾನವಾಗಿ ಸೋಲುತ್ತದೆ, ಇನ್ನು ಕೆಲವರದು ಸೋತು ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಯಾರದು ಹೇಗೆ ಎಂದು ಮೊದಲ ದಿನವೇ ಹೇಳಲಾಗದು.

ಕಾಮರ್ಸ್ ಓದುವ ನಮಗೆ ಇದು ಅರ್ಥವಾಗಬೇಕು. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಆ ದಿನದ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಅದು ಚೆನ್ನಾಗಿದೆ ಎಂದು ಮುಂದಿನ ವರ್ಷ ಲೆಕ್ಕ ಬರೆಯದೆ ಬಿಡುತ್ತೇವೆಯೇ? ತರೀಕೆರೆಗೆ ಹೋಗಿಬಂದರೆ ಅಬ್ಬಾರ ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಆದರೆ ಬೆಳೆಯುವ ವಯಸ್ಸಿನಲ್ಲಿ ಕಳೆದ ಎರಡು ವರ್ಷ ಅದಕ್ಕಿಂತ ದುಬಾರಿ.

ಈಗ ತಂಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಥೈರಾಕ್ಸಿನ್ ಮಾತ್ರೆ ನುಂಗಿ, ಅರ್ಧ ಗಂಟೆಯ ಮೇಲೆ ತಿಂಡಿ ತಿನ್ನುತ್ತಾಳೆ. ತರಗತಿಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ರಂಜಾನ್ ಬಂದರೆ ಮಾತ್ರೆ ಯಾವ ಹೊತ್ತಿಗೆ ಎಂದು ರೋಜಾ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಬೇಕು, ನಾವೇ ನಿಲ್ಲಿಸಬಾರದು.

ನಮ್ಮ ಕಾಲೇಜಿನಲ್ಲಿ ನನ್ನದೊಂದು ವಿನಂತಿ. ಪ್ರವೇಶದ ಅರ್ಜಿಯಲ್ಲಿ 'ನಿತ್ಯ ತೆಗೆದುಕೊಳ್ಳುವ ಔಷಧಿ' ಎಂದು ಒಂದು ಸಾಲು ಇರಲಿ. ಪರೀಕ್ಷೆಗೆಂದು ಆಸ್ಪತ್ರೆಗೆ ಹೋದ ದಿನದ ಹಾಜರಾತಿಯನ್ನು ಕಡಿಯದಿರಲಿ. ತರಗತಿಯಲ್ಲಿ ತೂಕಡಿಸುವವರನ್ನು ಗದರಿಸುವ ಮೊದಲು, ಮನೆಯಲ್ಲಿ ನಾನು ಕೇಳದೆ ಹೋದ ಪ್ರಶ್ನೆಯನ್ನು ಯಾರಾದರೂ ಕೇಳಲಿ: ಹುಷಾರಾಗಿದ್ದೀಯಾ?