ನಾಲ್ಕನೇ ವರ್ಷದ ರಿಪೇರಿಗೆ ಇವತ್ತೇ ದುಡ್ಡು ಕಟ್ಟಬೇಕಾ?

ಮೊನ್ನೆ ಶನಿವಾರ ಸಂಜೆ ಪರ್ಕಳ ಪೇಟೆಯಲ್ಲಿ ಭಾವನ ಅಂಗಡಿಗೆ ಹೋದರೆ ಭಾವ ತಕ್ಕಡಿಯ ಹತ್ತಿರ ಇರಲಿಲ್ಲ. ಒಳಗೆ ಅಕ್ಕಿ ಮೂಟೆಯ ಮೇಲೆ ಕೂತು, ಕನ್ನಡಕ ಹಣೆಗೆ ಏರಿಸಿ, ಒಂದು ಬಣ್ಣದ ಕಾಗದ ಓದುತ್ತಿದ್ದರು. ಹೊಸ ಕಾರು ಬುಕ್ ಮಾಡಿ ಆಗಿದೆ, ಬ್ಯಾಂಕಿನ ಸಾಲವೂ ಪಾಸಾಗಿದೆ. ಈಗ ಷೋರೂಮಿನ ಹುಡುಗ ಇನ್ನೊಂದು ಪಟ್ಟಿ ಕಳಿಸಿದ್ದಾನೆ. ಅದರಲ್ಲಿ ಸೀಟ್ ಕವರಿನ ಕೆಳಗೆ, ಟೆಫ್ಲಾನ್ ಕೋಟಿಂಗಿನ ಮೇಲೆ ಒಂದು ಸಾಲು: ಎಕ್ಸ್‌ಟೆಂಡೆಡ್ ವಾರಂಟಿ, 20,000 ರೂಪಾಯಿ.

"ಸೋಮವಾರದ ಒಳಗೆ ಹೇಳಬೇಕಂತೆ. ನೀನು ಪೇಪರಿನವ, ಎಲ್ಲ ಗೊತ್ತುಂಟಲ್ಲ. ಹೇಳು ಮಾರಾಯ, ಬೇಕಾ ಬೇಡ್ವಾ?"

ಪೇಪರಿನವನಿಗೆ ಎಲ್ಲ ಗೊತ್ತುಂಟು ಎಂದು ನಂಬುವವರು ಪರ್ಕಳದಲ್ಲಿ ಇನ್ನೂ ಒಬ್ಬರು ಉಳಿದಿದ್ದಾರೆ ಎಂದು ಸಂತೋಷವಾಯಿತು. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಬಡ್ಡಿ ಲೆಕ್ಕ ಕಲಿತದ್ದೇ ಭಾವನ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಆದರೆ ಈ ಒಂದು ಪ್ರಶ್ನೆಗೆ ಮಾತ್ರ ನಾನು 46 ಸಾವಿರ ರೂಪಾಯಿ ಫೀಸು ಕಟ್ಟಿ ಪಾಠ ಕಲಿತವನು. ಅದನ್ನು ಆಮೇಲೆ ಹೇಳುತ್ತೇನೆ.

ಬಸ್ಸಿನಲ್ಲಿ ನೇತಾಡಿಕೊಂಡು ಈ ಪೇಪರು ಓದುವ ಮಹನೀಯರು "ಕಾರಿನವರ ಕಷ್ಟ ಕಟ್ಟಿಕೊಂಡು ನಮಗೆಂತ ಆಗಬೇಕು" ಎಂದು ಪುಟ ತಿರುಗಿಸಬೇಡಿ. ಇದೇ ಸರಕನ್ನು ಫ್ರಿಡ್ಜಿಗೆ, ವಾಷಿಂಗ್ ಮೆಷಿನ್ನಿಗೆ, ಮೊಬೈಲಿಗೆ, ಮಗಳ ಸ್ಕೂಟರಿಗೂ ಕಟ್ಟಿ ಮಾರುತ್ತಾರೆ. ಲೆಕ್ಕ ಎಲ್ಲ ಕಡೆ ಒಂದೇ.

ಸಂಗತಿ ಇಷ್ಟೆ. ಹೊಸ ಕಾರಿಗೆ ಕಂಪನಿಯವರು ತಾವಾಗಿ ಕೊಡುವ ವಾರಂಟಿ ಒಂದು ಉಂಟು. ಅದರ ಅವಧಿ ಮುಗಿದ ಮೇಲೂ ಒಂದೆರಡು ವರ್ಷ ನೋಡಿಕೊಳ್ಳುತ್ತೇವೆ, ಅದಕ್ಕೆ ಈಗಲೇ ದುಡ್ಡು ಕೊಡಿ ಎನ್ನುವುದು ಎಕ್ಸ್‌ಟೆಂಡೆಡ್ ವಾರಂಟಿ. ಮಾರುತಿ ಸುಝುಕಿಯವರು ಮೊದಲು 2 ವರ್ಷ ಅಥವಾ 40,000 ಕಿಲೋಮೀಟರ್ ಕೊಡುತ್ತಿದ್ದರು. 2024ರ ಜುಲೈಯಲ್ಲಿ ಅದನ್ನು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿದರು. ಬೇಕಾದವರು ದುಡ್ಡು ಕೊಟ್ಟು 6 ವರ್ಷ, 1,60,000 ಕಿಲೋಮೀಟರಿನವರೆಗೆ ಎಳೆಯಬಹುದು ಎಂದರು. ಇದರಲ್ಲಿ ಒಂದು ಗುಟ್ಟು ಅಡಗಿದೆ ನೋಡಿ. ನಿನ್ನೆಯವರೆಗೆ ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದ ಮೂರನೇ ವರ್ಷವನ್ನು ಒಂದು ದಿನ ಪುಕ್ಕಟೆ ಕೊಡಲು ಹೊರಟರು ಅಂದರೆ, ಆ ವರ್ಷದಲ್ಲಿ ಅವರ ಕೈಯಿಂದ ಹೋಗುವುದು ದೊಡ್ಡ ಮೊತ್ತ ಅಲ್ಲ ಎಂದು ಅವರಿಗೆ ಗೊತ್ತಿತ್ತು ಅಂತಲೇ ಅರ್ಥ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರು ಜನರಿಂದ ಇಪ್ಪತ್ತಿಪ್ಪತ್ತು ಸಾವಿರ ತೆಗೆದುಕೊಂಡು ನೂರು ಜನರಿಗೂ ಅಷ್ಟೇ ವಾಪಸು ಕೊಡುವ ಅಂಗಡಿ ಎಲ್ಲಾದರೂ ಉಂಟಾ?

ಭಾವನ ಹತ್ತಿರ ನಾನು ಮೊದಲು ಕೇಳಿದ್ದು: "ಕಾರು ವರ್ಷಕ್ಕೆ ಎಷ್ಟು ಓಡ್ತದೆ ಭಾವ?"

ಪರ್ಕಳದಿಂದ ಉಡುಪಿಗೆ ಹೋಗಿ ಬರುವುದು, ಹೆಚ್ಚೆಂದರೆ ದಿನಕ್ಕೆ 20 ಕಿಲೋಮೀಟರ್. ಅದೂ ದಿನಾ ಅಲ್ಲ. ಮದುವೆ, ಮುಂಜಿ, ವರ್ಷಕ್ಕೊಮ್ಮೆ ಧರ್ಮಸ್ಥಳ, ಕಾರ್ಕಳದ ಅತ್ತೆ ಮನೆ ಎಲ್ಲ ಸೇರಿಸಿದರೂ ವರ್ಷಕ್ಕೆ 8,000 ದಾಟುವುದಿಲ್ಲ. ಮೂರು ವರ್ಷಕ್ಕೆ 24,000. ಕಂಪನಿಯ ಪುಕ್ಕಟೆ ವಾರಂಟಿ ಮುಗಿಯುವಾಗ ಅವರ ಕಾರು ಇನ್ನೂ ಪ್ರಾಯದಲ್ಲೇ ಇರುತ್ತದೆ. ಗೇರು ಕೈಯಲ್ಲಿ ಹಾಕುವ ಸಾದಾ ಪೆಟ್ರೋಲ್ ಕಾರು, 24ರಿಂದ 40 ಸಾವಿರ ಕಿಲೋಮೀಟರಿನ ನಡುವೆ ಎಂಜಿನ್ನೋ ಗೇರ್ ಬಾಕ್ಸೋ ಒಡೆದು ಕೂರುವುದು ಅಪರೂಪ.

ಇದೇ ಭಾವನ ಅಂಗಡಿಗೆ ಬರುವ ಒಬ್ಬ ಮೆಡಿಕಲ್ ರೆಪ್ ಇದ್ದಾರೆ. ದಿನಾ ಮಂಗಳೂರಿಗೆ ಹೋಗಿ ಬರುವವರು, 130 ಕಿಲೋಮೀಟರ್ ಹಿಡಿಯಿರಿ. ವರ್ಷಕ್ಕೆ 300 ದಿನ ಅಂದರೆ 39,000. ಅವರ 1 ಲಕ್ಷ ಕಿಲೋಮೀಟರ್ ಎರಡೂವರೆ ವರ್ಷದಲ್ಲೇ ಖಲಾಸ್. ಅವರಿಗೆ ಲೆಕ್ಕ ಬೇರೆ. ಅವರು ತೆಗೆದುಕೊಂಡರೆ ಬೇಡ ಎನ್ನಲು ನನಗೆ ಬಾಯಿ ಬಾರದು. ಆಟೊಮ್ಯಾಟಿಕ್ ಗೇರು, ಟರ್ಬೊ, ಕ್ಯಾಮರಾ, ಕಂಪ್ಯೂಟರು ತುಂಬಿದ ಗಾಡಿಯವರಿಗೂ ಹಾಗೆಯೇ. ಅದರಲ್ಲಿ ಒಂದು ಪೆಟ್ಟಿಗೆ ಹೋದರೆ ರಿಪೇರಿ ಎಂಬುದಿಲ್ಲ, ಹೊಸತೇ ಹಾಕುವುದು. ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಷೋರೂಮಿನ ಹುಡುಗ ವರ್ಷವನ್ನು ದೊಡ್ಡ ಸ್ವರದಲ್ಲಿ ಹೇಳುತ್ತಾನೆ, ಕಿಲೋಮೀಟರನ್ನು ಸಣ್ಣ ಸ್ವರದಲ್ಲಿ.

ಎರಡನೆಯ ಪ್ರಶ್ನೆ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದು. "ಎಲ್ಲ ಕವರ್ ಆಗ್ತದೆ ಸರ್" ಎಂದು ಹುಡುಗ ಹೇಳಿದ್ದನಂತೆ. ಕಾಗದ ತಿರುಗಿಸಿ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಓದಿದೆವು. ಕ್ಲಚ್ ಪ್ಲೇಟ್ ಇಲ್ಲ. ಬ್ರೇಕ್ ಪ್ಯಾಡ್ ಇಲ್ಲ. ಟಯರು, ವೈಪರು, ಬಲ್ಬು, ರಬ್ಬರ್ ಬುಷ್, ಫಿಲ್ಟರು ಇಲ್ಲ. ತುಕ್ಕು ಇಲ್ಲ. ಇಲಿ ಕಡಿದ ವಯರು ಇಲ್ಲ. ಬಾಡಿಗೆಗೆ ಬಿಟ್ಟರೆ ಏನೂ ಇಲ್ಲ.

ಈಗ ನಮ್ಮೂರಿನ ಕಾರು ಯಾವುದರಿಂದ ಹಾಳಾಗುತ್ತದೆ ಹೇಳಿ. ಕಡಲಿನ ಉಪ್ಪು ಗಾಳಿ, ಮೀನಿನ ಲಾರಿಯಿಂದ ರಸ್ತೆಗೆ ಸೋರುವ ಉಪ್ಪು ನೀರು, ನಾಲ್ಕು ತಿಂಗಳ ಮಳೆ, ಅಕ್ಕಿ ಮೂಟೆಯ ಹಿಂದೆಯೇ ಬರುವ ಇಲಿ. ಕೆಳಪರ್ಕಳದ ಹೊಂಡಗಳನ್ನು ಎಷ್ಟು ವರ್ಷ ಇಳಿದು ಹತ್ತಿದ್ದೇವೆ, ಅದರಲ್ಲಿ ಎಷ್ಟು ಬುಷ್ ಸವೆದಿದೆ ಎಂಬುದನ್ನು ಇಲ್ಲಿನ ಗ್ಯಾರೇಜಿನವರೇ ಹೇಳಬೇಕು. ನಮ್ಮೂರಿನ ರೋಗಕ್ಕೂ ಆ ಔಷಧಿಗೂ ಸಂಬಂಧ ಕಡಿಮೆ. ಮತ್ತೆ ನೆರೆ. 2020ರ ಸೆಪ್ಟೆಂಬರ್ 20ರ ಬೆಳಿಗ್ಗೆ ಉಡುಪಿಯ ಕಲ್ಸಂಕದಲ್ಲಿ, ಮಠದ ಪಾರ್ಕಿಂಗಿನಲ್ಲಿ ನೀರು ಹೇಗೆ ನುಗ್ಗಿತು, ವಾಹನಗಳು ಹೇಗೆ ಮುಳುಗಿ ನಿಂತವು ಎಂಬುದನ್ನು ಕಂಡವರು ಮರೆಯಲಿಕ್ಕಿಲ್ಲ. ಎಂಜಿನ್ನಿನ ಒಳಗೆ ನೀರು ಹೋದರೆ ವಾರಂಟಿಯವರು ಕೈ ಎತ್ತುತ್ತಾರೆ. ಅದಕ್ಕೆ ಇನ್ಶೂರೆನ್ಸೇ ಗತಿ. ಅದರಲ್ಲೂ ಎಂಜಿನ್ ಪ್ರೊಟೆಕ್ಷನ್ ಎಂದು ಬೇರೆ ಹಾಕಿಸಿದರೆ ಮಾತ್ರ. ಕರಾವಳಿಯವ ಎರಡರಲ್ಲಿ ಒಂದಕ್ಕೆ ದುಡ್ಡು ಕೊಡುವುದಾದರೆ ಮೊದಲು ಇದಕ್ಕೆ ಕೊಡಲಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸೇರಿರುವುದೆಂತ? ಎಂಜಿನ್ನಿನ ಒಳಭಾಗ, ಗೇರ್ ಬಾಕ್ಸ್, ಸ್ಟಿಯರಿಂಗ್, ಏಸಿ ಕಂಪ್ರೆಸರ್, ಆಲ್ಟರ್ನೇಟರ್, ಸ್ಟಾರ್ಟರ್, ಪೆಟ್ರೋಲ್ ಪಂಪು, ಮೆದುಳಿನಂಥ ಕಂಪ್ಯೂಟರ್ ಪೆಟ್ಟಿಗೆ. ಹೋಗುವುದು ಅಪರೂಪ, ಹೋದರೆ ಗ್ರಹಚಾರ. ಅಂಬಾಸಿಡರ್ ಕಾಲದಲ್ಲಿ ಈ ಭಯ ಇರಲಿಲ್ಲ. ಕಾರು ದಾರಿಯಲ್ಲಿ ನಿಂತರೆ ಆಗುಂಬೆ ಘಾಟಿಯ ಯಾವ ತಿರುವಿನಲ್ಲಾದರೂ ಒಬ್ಬ ಮೆಕ್ಯಾನಿಕ್ ಸ್ಪಾನರು, ಸರಿಗೆ ಹಿಡಿದು ಹೊರಡಿಸಿ ಕೊಡುತ್ತಿದ್ದ. 2014ರಲ್ಲಿ ಆ ಕಾರಿನ ಉತ್ಪಾದನೆಯೇ ನಿಂತಿತು. ಈಗ ಬಾನೆಟ್ ತೆಗೆದರೆ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಕಂಪ್ಯೂಟರ್ ಸಿಕ್ಕಿಸದೆ ರೋಗ ಗೊತ್ತಾಗುವುದಿಲ್ಲ. ವಾರಂಟಿಯ ವ್ಯಾಪಾರ ಬೆಳೆದದ್ದು ಈ ಭಯದ ಮೇಲೆ. ಭಯ ಪೂರ್ತಿ ಸುಳ್ಳೂ ಅಲ್ಲ.

ನನ್ನ ಕಥೆಗೆ ಬರುತ್ತೇನೆ. ಯಾವ ಕಂಪನಿ, ಯಾವ ಷೋರೂಮು ಎಂದು ಕೇಳಬೇಡಿ. ಕಾರು ತೆಗೆಯುವಾಗ ಇದೇ ಎಕ್ಸ್‌ಟೆಂಡೆಡ್ ವಾರಂಟಿ ನಾನೂ ತೆಗೆದುಕೊಂಡಿದ್ದೆ. ನಾಲ್ಕನೇ ವರ್ಷ ಒಂದು ದಿನ ಹಿರಿಯಡಕದ ಹತ್ತಿರ ಸ್ಟಿಯರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಮೋಟಾರು ಹೋಗಿದೆ ಎಂದರು. ವಾರಂಟಿ ಉಂಟಲ್ಲ ಎಂದು ನಾನು ಧೈರ್ಯದಲ್ಲಿ ಚಾ ಕುಡಿಯುತ್ತಿದ್ದೆ. ಪುಸ್ತಕ ತಿರುಗಿಸಿದರು. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ಒಂದು ಸರ್ವಿಸು ಎರಡು ತಿಂಗಳು ತಡವಾಗಿತ್ತು. "ಸರ್, ಷರತ್ತು ಮೀರಿದೆ. ಕ್ಲೇಮ್ ಆಗುವುದಿಲ್ಲ." ಬಿಲ್ಲು 46,000. ಮನೆಯವಳ ಬಳೆ ಸೊಸೈಟಿಗೆ ಹೋಯಿತು. ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು.

ಎಣ್ಣೆ ಬದಲಿಸುವುದು ತಡವಾದರೆ ಎಂಜಿನ್ ಹಾಳಾದೀತು, ಒಪ್ಪುವ. ಸ್ಟಿಯರಿಂಗ್ ಮೋಟಾರಿಗೂ ಎಂಜಿನ್ ಎಣ್ಣೆಗೂ ಎಂತ ಸಂಬಂಧ ಸ್ವಾಮಿ? ಆವತ್ತು ನಾನು ಇದನ್ನು ಕೇಳಲಿಲ್ಲ. ಕೇಳಬೇಕಾಗಿತ್ತು. ಹೀಗೆ ಕೇಳಲು ಆಧಾರವೂ ಇತ್ತು ಎಂಬುದು ಆಮೇಲೆ ತಿಳಿಯಿತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿನವರಿಗೆ ಸಿಗದ ಹಾಗೆ ಮಾಡಿದರು ಎಂಬುದು ಮುಖ್ಯ ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎನ್ನುವ ಹಾಗಿಲ್ಲ, ಆ ರಿಪೇರಿಯಿಂದ ಎಷ್ಟು ಹಾಳಾಗಿದೆಯೋ ಅಷ್ಟಕ್ಕೆ ಮಾತ್ರ ಇಲ್ಲ ಎನ್ನಬಹುದು ಎಂದು ಅದೇ ಆದೇಶದಲ್ಲಿ ಹೇಳಿತ್ತು. ಕಂಪನಿಗಳು ಅದರ ಮೇಲೆ ಅಪೀಲು ಹೋದವು, ಅದು ಬೇರೆ ಮಾತು. ತಡವಾದ ಸರ್ವಿಸಿನ ಪ್ರಶ್ನೆ ಅಲ್ಲಿ ನೇರವಾಗಿ ಇರಲಿಲ್ಲ. ಆದರೆ ನ್ಯಾಯ ಅದೇ ಅಲ್ಲವಾ? ಯಾವ ತಪ್ಪಿನಿಂದ ಯಾವ ಭಾಗ ಹೋಯಿತು ಎಂದು ತೋರಿಸಿ ಮತ್ತೆ ಇಲ್ಲ ಎನ್ನಲಿ.

ಜಿಲ್ಲಾ ಗ್ರಾಹಕ ಆಯೋಗ ಉಡುಪಿಯಲ್ಲೇ ಉಂಟು. ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರು ಕೊಡುವವ ವಾಸಿಸುವ ಜಿಲ್ಲೆಯಲ್ಲಿ ಕೊಡಬಹುದು ಎಂದು 2019ರ ಕಾಯ್ದೆ ಹೇಳುತ್ತದೆ. ಕೊಟ್ಟ ಬೆಲೆ 5 ಲಕ್ಷದ ಒಳಗಾದರೆ ಫೀಸಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಬೇಕೆಂದಿಲ್ಲ. ಎರಡು ವರ್ಷದ ಒಳಗೆ ಹೋಗಬೇಕು ಅಷ್ಟೆ. ಬಸ್ರೂರಿನ ಬಳಕೆದಾರರ ವೇದಿಕೆ, ಡಾ. ರವೀಂದ್ರನಾಥ ಶಾನುಭಾಗರಂಥವರು ಓಡಾಡಿದ ಜಿಲ್ಲೆಯವನಾಗಿ, ಪೇಪರಿನವನಾಗಿ, ನಾನು ಆ ಎರಡು ವರ್ಷವನ್ನು "ನಾಳೆ ಹೋಗುವ" ಎಂದು ಕಳೆದೆ. ನಾಚಿಕೆಯ ವಿಷಯ, ಬರೆದಿದ್ದೇನೆ.

ಇದನ್ನೆಲ್ಲ ಕೇಳಿ ಭಾವ "ಹಾಗಾದರೆ ಬೇಡವೇ ಬೇಡ" ಎಂದರು. ಅಷ್ಟು ಸಲೀಸಲ್ಲ ಎಂದೆ. ನನ್ನ ಕ್ಲೇಮು ಪಾಸಾಗಿದ್ದರೆ ನಾನು ಈಗ ಕೂತು ಅದರ ಗುಣಗಾನ ಮಾಡುತ್ತಿದ್ದೆ. ಸರ್ವಿಸನ್ನು ತಾರೀಕು ತಪ್ಪದೆ ಮಾಡಿಸಿ, ಬಿಲ್ಲು ಜೋಪಾನ ಇಡುವವನಿಗೆ, ಒಮ್ಮೆಲೇ 50 ಸಾವಿರದ ಪೆಟ್ಟು ತಾಳಲಾರದ ಸಂಬಳದವನಿಗೆ ಅದೊಂದು ಆಸರೆಯೇ. ಪೆಟ್ಟು ತಾಳುವ ಶಕ್ತಿ ಉಳ್ಳವನು ಮಾತ್ರ ಆ ದುಡ್ಡು ಇಟ್ಟುಕೊಳ್ಳಬಹುದು. ತೆಗೆದುಕೊಳ್ಳುವವರು ಕಾಗದದಲ್ಲಿ ಸಹಿ ಯಾರದ್ದು, ಕಾರು ಮಾಡಿದ ಕಂಪನಿಯದ್ದೋ ನಡುವಿನ ಇನ್ನಾರದ್ದೋ ಎಂದೂ ನೋಡಿಕೊಳ್ಳಬೇಕು. ಕಾರು ಮಾರಿದರೆ ಮುಂದಿನವನ ಹೆಸರಿಗೆ ಆಗುತ್ತದಾ ಎಂಬುದನ್ನೂ.

ಇನ್ನು ಸಾಲದ ಲೆಕ್ಕ. ಹುಡುಗ ಈ 20,000ವನ್ನು "ಲೋನಿಗೇ ಸೇರಿಸುವ ಸರ್, ಗೊತ್ತೇ ಆಗುವುದಿಲ್ಲ" ಎಂದಿದ್ದ. ಗೊತ್ತಾಗದೇ ಇರುವುದೇ ತೊಂದರೆ. ಶೇಕಡ 9.5 ಬಡ್ಡಿ, 7 ವರ್ಷದ ಕಂತು ಎಂದರೆ ತಿಂಗಳಿಗೆ 327 ರೂಪಾಯಿ. ಕೊನೆಗೆ ಕಟ್ಟಿದ್ದು ಸುಮಾರು 27,500. ಅದರಲ್ಲೂ ಮೊದಲ ಮೂರು ವರ್ಷ ಬಡ್ಡಿ ಕಟ್ಟುವುದು ಇನ್ನೂ ಶುರುವೇ ಆಗದ ವಾರಂಟಿಗೆ! ಅಕ್ಕಿ ಬರುವ ಮೂರು ವರ್ಷ ಮೊದಲೇ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವ ಭಾಗ್ಯ ಭಾವನಿಗೆ ಯಾವಾಗ ಬರುವುದೋ.

ಆಗ ಒಳಗಿನಿಂದ ಅಕ್ಕ ಬಂದಳು. ಅಲ್ಲಿಯವರೆಗೆ ಎಲ್ಲ ಕೇಳಿಸಿಕೊಂಡೇ ಇದ್ದಳು. "ಉಳಿದ ದುಡ್ಡು ಇವರ ಕೈಯಲ್ಲಿ ಉಳೀತದಾ? ಚೌತಿಗೆ ಮೊದಲೇ ಬೆಲ್ಲದ ಮಾಲಿಗೆ ಹೋಗ್ತದೆ. ನಾಲ್ಕನೇ ವರ್ಷ ಕಾರು ಕೆಟ್ಟರೆ ಮತ್ತೆ ನನ್ನ ಬಳೆಯೇ."

ನನ್ನ ಇಡೀ ಲೆಕ್ಕದಲ್ಲಿ ಬಾರದೇ ಹೋದ ಮಾತು ಇದು. ದುಡ್ಡು ಕಟ್ಟಿದರೆ ಕಂಪನಿ ತಿನ್ನುತ್ತದೆ, ಕಟ್ಟದಿದ್ದರೆ ಅಂಗಡಿ ತಿನ್ನುತ್ತದೆ. ಪರಿಹಾರವನ್ನೂ ಅವಳೇ ಹೇಳಿದಳು: ಪಿಗ್ಮಿ. 1928ರಲ್ಲಿ ಇದೇ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ದಿನಕ್ಕೆ ಎರಡಾಣೆಯ ಹಾಗೆ ಮನೆ ಬಾಗಿಲಿನಲ್ಲಿ ಸಂಗ್ರಹಿಸಲು ಶುರುಮಾಡಿದ ಪದ್ಧತಿ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಸೊಸೈಟಿಯ ಪಿಗ್ಮಿಯವರು ಇವತ್ತಿಗೂ ಭಾವನ ಅಂಗಡಿಗೆ ಬರುತ್ತಾರೆ. ದಿನಕ್ಕೆ 20 ರೂಪಾಯಿ ಹಾಕಿದರೆ ತಿಂಗಳಿಗೆ 600, ಮೂರು ವರ್ಷಕ್ಕೆ 21,600. ನಾಲ್ಕನೇ ವರ್ಷ ಕಾಲಿಡುವ ಹೊತ್ತಿಗೆ ದುಡ್ಡು ತಯಾರು. ಕಾರು ಕೆಡದಿದ್ದರೆ ಅದು ಯಾವ ಕಂಪನಿಗೂ ಹೋಗುವುದಿಲ್ಲ. ಖಾತೆ ಮಾತ್ರ ತನ್ನ ಹೆಸರಿಗೆ ಎಂದಳು ಅಕ್ಕ. ಭಾವ ಇದಕ್ಕೆ ಏನೂ ಹೇಳಲಿಲ್ಲ.

ಇನ್ನೊಂದನ್ನೂ ವಿಚಾರಿಸಿದೆವು. ಮೂರು ವರ್ಷದ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಎಕ್ಸ್‌ಟೆಂಡೆಡ್ ತೆಗೆದುಕೊಳ್ಳಬಹುದು, ತಡವಾದಷ್ಟು ರೇಟು ಸ್ವಲ್ಪ ಏರುತ್ತದೆ ಅಷ್ಟೆ ಎಂದು ಹುಡುಗನೇ ಒಪ್ಪಿದ. ಸೋಮವಾರದ ಗಡಿಬಿಡಿ ಅವನದ್ದು, ನಮ್ಮದಲ್ಲ. ಆಗಿನ ಕಾರಿನ ಲಕ್ಷಣ ನೋಡಿ ಪಿಗ್ಮಿಯಿಂದಲೇ ಕೊಟ್ಟರಾಯಿತು. ಅಕ್ಕ ಡೈರಿಯ ಮೊದಲ ಪುಟದಲ್ಲಿ ತಾರೀಕು ಬರೆದಿಟ್ಟಿದ್ದಾಳೆ.

ಸೋಮವಾರ ಬೆಳಿಗ್ಗೆ ಭಾವ ಫೋನು ಮಾಡಿ "ವಾರಂಟಿ ಸದ್ಯಕ್ಕೆ ಬೇಡ" ಎಂದು ತಿಳಿಸಿದರಂತೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹುಡುಗ ಕೇಳಿದನಂತೆ: "ಆಯ್ತು ಸರ್. ಟೆಫ್ಲಾನ್ ಕೋಟಿಂಗ್ ಹಾಕುವನಾ?"