ಕತ್ತಲಿನ ಕಥೆ ತರಗತಿಗೆ ಬೇಕೆ?

ಬೋಧನಾಭ್ಯಾಸದ ಮೂರನೆಯ ವಾರ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಪೂರ್ಣಚಂದ್ರ ತೇಜಸ್ವಿ ಅವರ ‘ತಬರನ ಕಥೆ’ ಹೇಳಿದೆ. ನಿವೃತ್ತನಾದ ತಬರ ಪಿಂಚಣಿಗಾಗಿ ಕಚೇರಿಗೆ ಅಲೆಯುತ್ತಾನೆ. ಕಾಲು ಕೊಳೆತ ಹೆಂಡತಿ ಚಿಕಿತ್ಸೆ ಸಿಗದೆ ಸಾಯುತ್ತಾಳೆ. ಅವನ ಬುದ್ಧಿಯೂ ಕೆಡುತ್ತದೆ. ಪಾಠ ವೀಕ್ಷಣೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ಪುಸ್ತಕದಲ್ಲಿ ಹೀಗೆ ಬರೆದರು: “ಭರವಸೆ ಮೂಡಿಸುವ ಕಥೆ ಆಯ್ದುಕೊಳ್ಳಿ.”

ಆ ಮಾತನ್ನು ಹಗುರವಾಗಿ ತಳ್ಳಲಾರೆ. ಯಾದಗಿರಿ, ಶಹಾಪುರ, ಸುರಪುರ ಭಾಗದ ಎಷ್ಟೋ ಮಕ್ಕಳ ತಂದೆ-ತಾಯಿ ಗುಳೆ ಹೋಗಿ ಬೆಂಗಳೂರು, ಪುಣೆಗಳಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಕಷ್ಟ ಉಂಡವರಿಗೆ ಶಾಲೆಯಲ್ಲೂ ಅದನ್ನೇ ಬಡಿಸಬೇಕೆ?

ಆದರೆ ಕಥೆ ಮುಗಿದಾಗ, ಅದುವರೆಗೆ ಒಮ್ಮೆಯೂ ಕೈ ಎತ್ತದ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮ ಮುತ್ಯಾಂದೂ ಹಿಂಗೇ ಆಗ್ಯಾದ್ರಿ. ಅರ್ಜಿ ಕೊಟ್ಟು ಕೊಟ್ಟು ಸಾಕಾಗ್ಯಾದ” ಎಂದಳು. ಇನ್ನೊಬ್ಬ, “ಅರ್ಜಿ ಯಾರಿಗಿ ಬರೀಬೇಕ್ರಿ ಸರ್?” ಎಂದು ಕೇಳಿದ. ಮರುದಿನದ ಪತ್ರಲೇಖನ ಪಾಠಕ್ಕೆ ನಾನು ಬೇರೆ ಪೀಠಿಕೆ ಹುಡುಕಬೇಕಾಗಲಿಲ್ಲ.

ಬದುಕಿಗೆ ಬೆಲೆಯೇ ಇಲ್ಲ ಎನ್ನುವ ಕಥೆ ಬೇರೆ. ಬೆಲೆಯುಳ್ಳ ಬದುಕು ಹೇಗೆ ಹಾಳಾಗುತ್ತದೆ ಎಂದು ತೋರಿಸುವ ಕಥೆ ಬೇರೆ. ತಬರನ ಕಥೆ ಎರಡನೆಯ ಬಗೆಯದು. ನ್ಯಾಯ ಎಂಬುದೊಂದು ಇದೆ ಎಂದು ಮಕ್ಕಳು ನಂಬಿದ್ದರಿಂದಲೇ ಅವನ ಸೋಲು ಅವರಿಗೆ ಸಿಟ್ಟು ತರಿಸಿತು.

ಶಾಂತಿನಾಥ ದೇಸಾಯಿ ಅವರ ‘ಮುಕ್ತಿ’ (1961), ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂತಾದ ಕಾದಂಬರಿಗಳಲ್ಲಿ ಒಂಟಿತನ, ಭಯ ಇನ್ನೂ ದಟ್ಟವಾಗಿವೆ. ಅವನ್ನು ಒಂಬತ್ತನೆಯ ತರಗತಿಗೆ ಒಯ್ಯಲಾರೆ. ಆದರೆ ಶಿಕ್ಷಕರಾಗಲಿರುವ ನಾವು ಓದಬೇಕು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರ ಮನಸ್ಸಿನಲ್ಲಿ ಏನಿರಬಹುದೆಂದು ಊಹಿಸಲು ಅಂಥ ಓದು ಕಲಿಸುತ್ತದೆ.

ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಮೊಹರಂ ಬಂದರೆ ಹಿಂದೂ-ಮುಸ್ಲಿಮರು ಕೂಡಿ ಕರ್ಬಲಾದ ರಿವಾಯತ್ ಪದ ಹಾಡುತ್ತಾರೆ. ಅಲ್ಲಿ ರಣರಂಗದ ಗೆಲುವಿಲ್ಲ, ಸಾವಿದೆ. ಆದರೂ ವರ್ಷವರ್ಷವೂ ಹಾಡುತ್ತಾರೆ, ಏಕೆಂದರೆ ಹತ್ತು ಜನ ಕೂಡಿ ಕೇಳಿದ ದುಃಖ ಯಾರನ್ನೂ ಒಂಟಿಯಾಗಿಸುವುದಿಲ್ಲ.

ಹಾಗಾಗಿ ಇಂಥ ಕಥೆ ಹೇಳಿ ಮಕ್ಕಳನ್ನು ಹಾಗೆಯೇ ಮನೆಗೆ ಕಳಿಸಬಾರದು, ಮಾತಾಡಲು ಬಿಡಬೇಕು. ನಾನು ತಪ್ಪಿದ್ದು ಇಲ್ಲೇ. ಪಾಠಯೋಜನೆಯಲ್ಲಿ ಚರ್ಚೆಗೆ 5 ನಿಮಿಷ ಇಟ್ಟಿದ್ದೆ. ಗಂಟೆ ಹೊಡೆದಾಗ ಆ ಹುಡುಗಿ ಇನ್ನೂ ನಿಂತೇ ಇದ್ದಳು. ಮುಂದಿನ ಸಲವೂ ಅದೇ ಕಥೆ ಹೇಳುತ್ತೇನೆ, ಚರ್ಚೆಗೆ 15 ನಿಮಿಷ ಇಟ್ಟು.