ಅಣುಗಳನ್ನು ಪುಟ್ಟ ಮಕ್ಕಳಿಗೆ ಹೇಳುವುದು ಹೇಗೆ? ಒಂದು ತುತ್ತು ಅನ್ನದಿಂದ ಶುರುಮಾಡಿ

“ಅಕ್ರೋಟು ಮೆದುಳಿನಂತೆಯೇ ಇದೆ, ತಿಂದರೆ ಬುದ್ಧಿ ಬೆಳೆಯುತ್ತದೆ.” “ಕಾಲು ಸೂಪು ಕುಡಿದರೆ ನೇರ ಮೂಳೆಗೆ ಹೋಗುತ್ತದೆ.” ಇಂಥ ಮಾತುಗಳನ್ನು ನಾವು ಆಗಾಗ ಕೇಳುತ್ತೇವೆ. ತಿಂದದ್ದು ತಿಂದ ರೂಪದಲ್ಲೇ ಮೈಗೆ ಸೇರುತ್ತದೆ ಎಂಬ ನಂಬಿಕೆಯೇ ಇವುಗಳ ಬೇರು. ಅದನ್ನು ಸರಿಪಡಿಸಲು ಪ್ರೌಢಶಾಲೆಯವರೆಗೆ ಕಾಯಬೇಕಿಲ್ಲ. ಆರೇಳು ವರ್ಷದ ಮಕ್ಕಳಿಗೂ ಜೀವಿಗಳ ಮೂಲ ಅಣುಗಳ ಬಗ್ಗೆ ಹೇಳಬಹುದು.

ಸಿಹಿಯಾಗುವ ಅನ್ನ

ಮೊದಲು ಹೆಸರುಗಳು ಬೇಡ, ಅನುಭವ ಇರಲಿ. ಒಂದು ತುತ್ತು ಬಿಳಿ ಅನ್ನವನ್ನು ನುಂಗದೆ ಒಂದೆರಡು ನಿಮಿಷ ಅಗಿಯಲು ಹೇಳಿ. ನಿಧಾನವಾಗಿ ಸಿಹಿ ಎನಿಸುತ್ತದೆ. ಸಕ್ಕರೆ ಹಾಕಿದವರು ಯಾರು? ಯಾರೂ ಅಲ್ಲ. ಅನ್ನದಲ್ಲಿರುವ ಪಿಷ್ಟವೆಂದರೆ ಗ್ಲೂಕೋಸ್ ಎಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ತುಂಡು ಮಾಡುತ್ತದೆ. ಚಿಕ್ಕ ತುಂಡುಗಳು ನಾಲಿಗೆಗೆ ಸಿಹಿ.

ಬಿಚ್ಚಿ ಮತ್ತೆ ಪೋಣಿಸುವ ಆಟ

ಪ್ರೋಟೀನ್ ಕೂಡ ಸರವೇ. ಆದರೆ ಇಲ್ಲಿ ಮಣಿಗಳು 20 ಬಗೆಯವು. ಅವೇ ಅಮೈನೋ ಆಮ್ಲಗಳು. ಬೇಳೆಯ ಪ್ರೋಟೀನ್ ಹೊಟ್ಟೆ, ಕರುಳುಗಳಲ್ಲಿ ಬಿಚ್ಚಿಕೊಂಡು ರಕ್ತ ಸೇರುತ್ತದೆ. ದೇಹ ಅದೇ ಮಣಿಗಳನ್ನು ಬೇರೆ ಕ್ರಮದಲ್ಲಿ ಪೋಣಿಸಿ ಸ್ನಾಯು, ಕೂದಲು, ಉಗುರು ಮಾಡಿಕೊಳ್ಳುತ್ತದೆ. ಬಣ್ಣದ ಮಣಿಗಳನ್ನು ಮಕ್ಕಳ ಕೈಗೇ ಕೊಟ್ಟು ಇದನ್ನು ಆಡಿಸಬಹುದು. ಸೂಪಿನ ಪ್ರೋಟೀನಿನದ್ದೂ ಇದೇ ಕಥೆ: ಬಿಚ್ಚಿಕೊಂಡ ಮಣಿಗಳಿಗೆ ತಾವು ಎಲ್ಲಿಂದ ಬಂದೆವೆಂಬ ನೆನಪಿರುವುದಿಲ್ಲ.

ಯಾವ ಮಣಿಯ ನಂತರ ಯಾವುದು ಎಂಬ ಪಟ್ಟಿ ಇರುವುದು ಡಿಎನ್‌ಎಯಲ್ಲಿ. ಅದರ ಅಕ್ಷರಗಳು ನಾಲ್ಕೇ. ಬಾಳೆಹಣ್ಣಿನಲ್ಲೂ ಸೊಪ್ಪಿನಲ್ಲೂ ಡಿಎನ್‌ಎ ಇದೆ, ದಿನವೂ ತಿನ್ನುತ್ತೇವೆ. ಅದೂ ಜೀರ್ಣವಾಗುತ್ತದೆ, ಹಾಗಾಗಿ ಬಾಳೆಹಣ್ಣು ತಿಂದವರು ಬಾಳೆಗಿಡ ಆಗುವುದಿಲ್ಲ!

ಸರಕ್ಕೆ ಸೇರದ ಕೊಬ್ಬು

ಕೊಬ್ಬನ್ನು ಮಾತ್ರ ಈ ಹೋಲಿಕೆಗೆ ಎಳೆದು ತರಬೇಡಿ. ಅಡುಗೆ ಎಣ್ಣೆಯ ಅಣು ಮಣಿಸರವಲ್ಲ. ಒಂದು ಪುಟ್ಟ ಗ್ಲಿಸರಾಲ್‌ಗೆ ಅಂಟಿದ ಮೂರು ಉದ್ದ ಬಾಲಗಳು. ಕಡಲೆಕಾಯಿ ಬೀಜವನ್ನು ಕಾಗದದ ಮೇಲೆ ಉಜ್ಜಿ ಬೆಳಕಿಗೆ ಹಿಡಿದರೆ ಎಣ್ಣೆಯ ಕಲೆ ಕಾಣುತ್ತದೆ. ಅಣುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಮಣಿ ಬರೀ ಹೋಲಿಕೆ ಎಂಬುದನ್ನೂ ಹೇಳಿಬಿಡಿ.

ಇನ್ನು ಅಕ್ರೋಟು? ಅದು ಒಳ್ಳೆಯ ಆಹಾರವೇ. ಕಾರಣ ಅದರ ಆಕಾರವಲ್ಲ, ಅದರೊಳಗಿರುವ ಕೊಬ್ಬು ಮತ್ತು ಪ್ರೋಟೀನ್.